ಹಕ್ಕಿಗಳ ಬೆನ್ನು ಹತ್ತಿದ ಬಾಳು: ಡಾ. ಸಲೀಂ ಅಲಿ

ಮುಂಬಯಿಯ ಕೋಟೆ ವಿಭಾಗದಲ್ಲಿ ಲಯನ್ ಗೇಟಿನ ಎದುರು ಹಾರ್ನ್‌ಬಿಲ್ ಹೌಸ್ ಎಂಬ ಕಟ್ಟಡವಿದೆ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಕೇಂದ್ರ ಕಚೇರಿ ಇರುವುದು ಅಲ್ಲಿಯೇ. ನೌಕರಿಯ ಅವಸರದಲ್ಲಿ ನಮ್ಮಲ್ಲಿ ಅನೇಕರು ಆ ಹೆಸರನ್ನು ಓದಿಯೂ ಓದದವರಂತೆ ಮುಂದೆ ಸಾಗಿರುತ್ತೇವೆ. ಆದರೆ ಆ ಹೆಸರಿಗೆ ಕಾರಣವಾದ ಹಕ್ಕಿ ನಮ್ಮ ಕಾರವಾರದಿಂದ ಬಂದದ್ದು ಎಂಬುದು ಹೊರನಾಡ ಕನ್ನಡಿಗರಾದ ನಮಗೆ ತಿಳಿದಿರಲೇಬೇಕಾದ ಸಂಗತಿ. 1894ರಲ್ಲಿ ಕಾರವಾರದಲ್ಲಿದ್ದ ಇಂಗಲ್ ಎಂಬವರು ಮೂರು ತಿಂಗಳ ಪ್ರಾಯದ ದೊಡ್ಡ ಮಂಗಟ್ಟೆಯ ಮರಿಯೊಂದನ್ನು ಈ ಸಂಸ್ಥೆಗೆ ಕಾಣಿಕೆಯಾಗಿ ಕೊಟ್ಟರು. ಅದಕ್ಕೆ ವಿಲಿಯಂ ಎಂದು ನಾಮಕರಣವಾಯಿತು. ಅಪೊಲೊ ಬೀದಿಯಲ್ಲಿದ್ದ ಅಂದಿನ ಕಚೇರಿಯಲ್ಲಿ, ಗೌರವ ಕಾರ್ಯದರ್ಶಿ ಡಬ್ಲ್ಯು. ಎಸ್. ಮಿಲ್ಲಾರ್ಡ್ ಅವರ ಕುರ್ಚಿಯ ಹಿಂದಿನ ಪಂಜರದಲ್ಲಿ ಅದು 26 ವರ್ಷ ಬಾಳಿ 1920ರಲ್ಲಿ ತೀರಿಕೊಂಡಿತು. ಒಮ್ಮೆ ಹೊತ್ತಿದ ಚುಟ್ಟಾವನ್ನೇ ನುಂಗಿಯೂ ಬದುಕಿತ್ತೆಂದು ಹೇಳುತ್ತಾರೆ!

ಇಪ್ಪತ್ತನೆಯ ಶತಮಾನದ ಮೊದಲ ದಶಕದ ಒಂದು ದಿನ, ಖೇತವಾಡಿಯ ಹುಡುಗನೊಬ್ಬ ಸತ್ತ ಗುಬ್ಬಚ್ಚಿಯೊಂದನ್ನು ಹಿಡಿದುಕೊಂಡು ಆ ಕಚೇರಿಯ ಬಾಗಿಲಿಗೆ ಬಂದು ಅಳುಕುತ್ತ ನಿಂತನು. ಮುಂದೆ ಭಾರತದ ಪಕ್ಷಿವಿಜ್ಞಾನಕ್ಕೆ ಪಿತಾಮಹರೆನಿಸಿದ ಡಾ. ಸಲೀಂ ಅಲಿಯವರ ಕಥೆ ನಿಜವಾಗಿ ಆರಂಭವಾಗುವುದು ಆ ಬಾಗಿಲಿನಲ್ಲಿಯೇ.

ಸಲೀಂ ಅಲಿಯವರು ಜನಿಸಿದ್ದು 1896ರ ನವೆಂಬರ್ 12ರಂದು, ಮುಂಬಯಿಯ ಸುಲೇಮಾನಿ ಬೋಹ್ರಾ ಮನೆತನವೊಂದರಲ್ಲಿ. ಒಂದು ವರ್ಷ ತುಂಬುವಾಗಲೇ ತಂದೆ ಇಲ್ಲವಾದರು; ಮೂರು ತುಂಬುವಾಗ ತಾಯಿಯೂ ಹೋದರು. ಒಡಹುಟ್ಟಿದವರೊಡನೆ ಮಗುವನ್ನು ಸಾಕಿ ಸಲಹಿದವರು ಸೋದರಮಾವ ಅಮೀರುದ್ದೀನ್ ತ್ಯಾಬ್ಜಿ ಮತ್ತು ಅವರ ಪತ್ನಿ ಹಮೀದಾ ಬೇಗಂ. ಆ ದಂಪತಿಗಳಿಗೆ ಮಕ್ಕಳಿರಲಿಲ್ಲ. ಸ್ವಾತಂತ್ರ್ಯ ಹೋರಾಟಗಾರ ಅಬ್ಬಾಸ್ ತ್ಯಾಬ್ಜಿಯವರೂ ಈ ಬಳಗದವರೇ. ಸೋದರಮಾವನಿಗೆ ಬೇಟೆಯ ಹವ್ಯಾಸವಿತ್ತು. ಅಂದಿನ ಸಿರಿವಂತ ಮನೆಗಳಲ್ಲಿ ಅದು ಗಂಡಸರಿಗೆ ಸಹಜವಾದ ಆಟ. ಹುಡುಗನ ಕೈಗೂ ಒಂದು ಆಟದ ಗಾಳಿಕೋವಿ ಬಂತು. ಹಿತ್ತಿಲ ಗುಬ್ಬಚ್ಚಿಗಳಿಗೆ ಕಷ್ಟಕಾಲವೂ ಬಂತು.

ಹೀಗೆ ಉರುಳಿಸಿದ ಗುಬ್ಬಚ್ಚಿಗಳಲ್ಲಿ ಒಂದರ ಕುತ್ತಿಗೆಯ ಮೇಲೆ ಹಳದಿಯ ಕಲೆಯಿತ್ತು. ಇಂಥ ಹಕ್ಕಿಯನ್ನು ತಿನ್ನಬಹುದೋ ಬಾರದೋ ಎಂಬ ಶಂಕೆ ಹುಡುಗನಿಗೆ ಹುಟ್ಟಿತು. ಮಾವನಿಗೂ ಅದರ ಗುರುತು ಹತ್ತಲಿಲ್ಲ. ಅವರು ಒಂದು ಪರಿಚಯಪತ್ರವನ್ನು ಬರೆದುಕೊಟ್ಟು ಮಿಲ್ಲಾರ್ಡ್ ಅವರಲ್ಲಿಗೆ ಕಳುಹಿಸಿದರು. ಆ ಕಾಲದಲ್ಲಿ ಬಿಳಿಯ ಸಾಹೇಬನ ಎದುರು ನಿಲ್ಲುವುದೆಂದರೆ ಭಾರತೀಯ ಹುಡುಗನಿಗೆ ಎದೆ ನಡುಗುವ ಮಾತು. ಮಿಲ್ಲಾರ್ಡ್ ಅವರಾದರೋ ಅದು ಹಳದಿ ಕತ್ತಿನ ಗುಬ್ಬಿಯೆಂದು ತಿಳಿಸಿದ್ದಲ್ಲದೆ, ಹುಡುಗನನ್ನು ಒಳಗೆ ಕರೆದೊಯ್ದು ಸಂಸ್ಥೆಯ ಪಕ್ಷಿಸಂಗ್ರಹದ ಪೆಟ್ಟಿಗೆಗಳನ್ನು ಒಂದೊಂದಾಗಿ ತೆರೆದು ತೋರಿಸಿದರು. ಓದಲು ಪುಸ್ತಕಗಳನ್ನೂ ಕೊಟ್ಟರು. ಒಬ್ಬ ಕಾರ್ಯಮಗ್ನ ಮನುಷ್ಯ ಒಂದು ಮಗುವಿಗೆ ಕೊಟ್ಟ ಅಲ್ಪ ಸಮಯ ಅದೆಷ್ಟು ಫಲ ಕೊಟ್ಟಿತೆಂಬುದಕ್ಕೆ ನಮಗೆ ಇದಕ್ಕಿಂತ ಉತ್ತಮ ದೃಷ್ಟಾಂತ ದೊರಕದು.

ಶಾಲೆಯ ಬದುಕು ಮಾತ್ರ ಹುಡುಗನಿಗೆ ಹಿತವಾಗಲಿಲ್ಲ. ಸುಮಾರು 13ನೆಯ ವಯಸ್ಸಿನಲ್ಲಿ ಬಿಡದ ತಲೆನೋವು ಹತ್ತಿಕೊಂಡಿತು. ಸೇಂಟ್ ಝೇವಿಯರ್ ಶಾಲೆಯ ಪಾಠಗಳು ಮತ್ತೆ ಮತ್ತೆ ತಪ್ಪಿದವು. ಸಿಂಧ್ ಪ್ರಾಂತದ ಒಣಹವೆಯಿಂದ ಗುಣವಾದೀತೆಂದು ಬಂಧುಗಳು ಅಲ್ಲಿಗೆ ಕಳುಹಿಸಿದರು. ಅಂತೂ 1913ರಲ್ಲಿ ಹೇಗೋ ಮೆಟ್ರಿಕ್ಯುಲೇಶನ್ ದಾಟಿದರು. ಕಾಲೇಜಿನ ಮೊದಲ ವರ್ಷದಲ್ಲೇ ಗಣಿತ ಮೊದಲಾದವು ಬೆದರಿಸಿದವು. ಓದನ್ನು ಬಿಟ್ಟು, ಬರ್ಮಾದ ತವೊಯ್‌ನಲ್ಲಿ ಮನೆತನದವರು ನಡೆಸುತ್ತಿದ್ದ ವುಲ್ಫ್ರಾಮ್ ಗಣಿ ಹಾಗೂ ಮರದ ವ್ಯಾಪಾರವನ್ನು ನೋಡಿಕೊಳ್ಳಲು ಹೊರಟರು. ವ್ಯಾಪಾರ ಕೈಹಿಡಿಯಲಿಲ್ಲ. ಆದರೆ ಗಣಿಯ ಸುತ್ತ ಹಬ್ಬಿದ್ದ ಹಸಿರು ಕಾಡು ಕೈಹಿಡಿಯಿತು. ಲೆಕ್ಕದ ಪುಸ್ತಕಕ್ಕೆ ಸಲ್ಲಬೇಕಾದ ಹೊತ್ತು ಹಕ್ಕಿಗಳ ಟಿಪ್ಪಣಿಗೆ ಸಂದಿತು. ಬಂಧುಗಳಿಗೆ ಆಗ ಇದು ಸೋಮಾರಿತನವಾಗಿ ಕಂಡಿದ್ದರೆ ಅವರನ್ನು ದೂರುವಂತಿಲ್ಲ. ಮಗ ನೌಕರಿ ಹಿಡಿದು ನೆಲೆ ನಿಲ್ಲಲೆಂದು ಹಂಬಲಿಸುವ ನಮ್ಮ ಮನೆಗಳಲ್ಲಿಯೂ ಹೀಗೆಯೇ ಆಡಿಕೊಳ್ಳುತ್ತಿದ್ದರು.

1917ರಲ್ಲಿ ಮುಂಬಯಿಗೆ ಮರಳಿ ದಾವರ್ ಕಾಲೇಜಿನಲ್ಲಿ ವಾಣಿಜ್ಯ ಕಾನೂನು ಮತ್ತು ಲೆಕ್ಕಪತ್ರಗಳ ವ್ಯಾಸಂಗಕ್ಕೆ ಸೇರಿದರು. ಅವರ ಒಲವು ಎತ್ತಲಿದೆ ಎಂಬುದನ್ನು ಕಂಡುಕೊಂಡವರು ಸೇಂಟ್ ಝೇವಿಯರ್ ಕಾಲೇಜಿನ ಫಾದರ್ ಎಥೆಲ್ಬರ್ಟ್ ಬ್ಲಾಟರ್. ಅವರ ಒತ್ತಾಯದಿಂದ ಬೆಳಗ್ಗೆ ವಾಣಿಜ್ಯ, ಬಳಿಕ ಪ್ರಾಣಿಶಾಸ್ತ್ರ ಎಂಬ ಎರಡು ದೋಣಿಯ ಪಯಣ ನಡೆಯಿತು. 1918ರ ಡಿಸೆಂಬರಿನಲ್ಲಿ ದೂರದ ಸಂಬಂಧಿಯಾದ ತಹಮೀನಾ ಅವರೊಡನೆ ವಿವಾಹವಾಯಿತು. ಮುಂದಿನ ಎಲ್ಲ ಏಳುಬೀಳುಗಳಲ್ಲಿ ಈ ಸಾಧ್ವಿಯ ಪಾತ್ರ ಎಷ್ಟು ಹಿರಿದೆಂಬುದು ಸಲೀಂ ಅಲಿಯವರ ಕುರಿತ ಬರಹಗಳಲ್ಲಿ ತಕ್ಕಷ್ಟು ಒತ್ತು ಪಡೆದಿಲ್ಲವೆಂದು ನಮಗೆ ಅನಿಸುತ್ತದೆ.

ಪದವಿ ಇಲ್ಲದ ಕಾರಣ ಝೂವಲಾಜಿಕಲ್ ಸರ್ವೆ ಆಫ್ ಇಂಡಿಯಾದ ಪಕ್ಷಿತಜ್ಞನ ಹುದ್ದೆ ಅವರಿಗೆ ದೊರೆಯಲಿಲ್ಲ. 1926ರಲ್ಲಿ ಪ್ರಿನ್ಸ್ ಆಫ್ ವೇಲ್ಸ್ ವಸ್ತುಸಂಗ್ರಹಾಲಯದಲ್ಲಿ (ಇಂದಿನ ಛತ್ರಪತಿ ಶಿವಾಜಿ ಮಹಾರಾಜ ವಾಸ್ತು ಸಂಗ್ರಹಾಲಯ) ತಿಂಗಳಿಗೆ 350 ರೂಪಾಯಿ ಸಂಬಳದ ಮಾರ್ಗದರ್ಶಕ ಉಪನ್ಯಾಸಕನ ಕೆಲಸ ಸಿಕ್ಕಿತು. ಗಾಜಿನ ಪೆಟ್ಟಿಗೆಯ ಹಕ್ಕಿಗಳನ್ನು ತೋರಿಸುವ ಆ ಕೆಲಸ ಎರಡೇ ವರ್ಷಗಳಲ್ಲಿ ಬೇಸರ ತಂದಿತು. 1928ರಲ್ಲಿ ರಜೆ ಪಡೆದು ಬರ್ಲಿನ್ನಿಗೆ ತೆರಳಿ ಪ್ರೊ. ಎರ್ವಿನ್ ಸ್ಟ್ರೆಸೆಮಾನ್ ಅವರಲ್ಲಿ ಶಿಷ್ಯವೃತ್ತಿ ಮಾಡಿದರು. ಜೀವಮಾನವಿಡೀ ಅವರನ್ನೇ ತಮ್ಮ ಗುರುವೆಂದು ಭಾವಿಸಿದರು. ಹಕ್ಕಿಯ ಕಾಲಿಗೆ ಉಂಗುರ ತೊಡಿಸಿ ಅದರ ವಲಸೆಯ ದಾರಿಯನ್ನು ಅರಿಯುವ ವಿದ್ಯೆಯನ್ನು ಹೆಲಿಗೋಲಾಂಡ್ ದ್ವೀಪದಲ್ಲಿ ಕಲಿತದ್ದೂ ಆಗಲೇ.

1930ರಲ್ಲಿ ಊರಿಗೆ ಮರಳಿದಾಗ ಹಣದ ಕೊರತೆಯಿಂದ ಆ ಉಪನ್ಯಾಸಕನ ಹುದ್ದೆಯೇ ರದ್ದಾಗಿತ್ತು. ವಯಸ್ಸು 34ರ ಹೊಸ್ತಿಲಲ್ಲಿತ್ತು. ಕೈಯಲ್ಲಿ ಪದವಿಯಿಲ್ಲ, ಕೆಲಸವಿಲ್ಲ. ಮುಂಬಯಿಯ ಖರ್ಚನ್ನು ನಿಭಾಯಿಸಲಾರದೆ ಗಂಡಹೆಂಡಿರು ಸಮುದ್ರದಾಚೆಯ ಕಿಹೀಮ್ ಎಂಬ ಹಳ್ಳಿಗೆ ಹೋಗಿ ನೆಲಸಿದರು. ಅಲಿಬಾಗ್ ತಾಲೂಕಿನ ಈ ಕಿಹೀಮ್ ಇಂದು ನಮ್ಮವರು ಶನಿವಾರ ಭಾನುವಾರಗಳಲ್ಲಿ ಗೇಟ್‌ವೇಯಿಂದ ದೋಣಿ ಹತ್ತಿ ವಿಹಾರಕ್ಕೆ ಹೋಗಿಬರುವ ಜಾಗ. ಸಲೀಂ ಅಲಿಯವರು ಹೋದದ್ದು ವಿಹಾರಕ್ಕಲ್ಲ, ಬೇರೆ ಗತಿಯಿಲ್ಲದೆ.

ಅಲ್ಲಿ ಮನೆಯ ಸಮೀಪದಲ್ಲೇ ಗೀಜಗ ಹಕ್ಕಿಗಳ ಒಂದು ವಸತಿಯಿತ್ತು. ಗೀಜಗನ ಗೂಡನ್ನು ಕಾಣದ ಕನ್ನಡಿಗರಾರು? ಬಾವಿಯ ಮೇಲಕ್ಕೆ ಬಾಗಿದ ಕೊಂಬೆಯಲ್ಲಿ ತೂಗುವ ಆ ಬುಡ್ಡಿಗಳನ್ನು ಎಳವೆಯಲ್ಲಿ ಊರಿನಲ್ಲಿ ನೋಡಿದವರೇ ನಾವೆಲ್ಲ. ಆದರೆ ನೋಡಿದ್ದೆಷ್ಟು ಹೊತ್ತು? ಸಲೀಂ ಅಲಿಯವರು ದಿನದಿನವೂ, ಹೊತ್ತು ಹೊತ್ತಿಗೂ ಅಲ್ಲಿ ಕುಳಿತು, ಗೂಡು ಗೂಡಿನ ಸುದ್ದಿಯನ್ನೂ ಬರೆದಿಟ್ಟುಕೊಂಡರು. ಮಳೆಗಾಲ ಕಾಲಿಡುತ್ತಲೇ ಗಂಡು ಹಕ್ಕಿ ಹುಲ್ಲಿನ ಎಳೆಗಳನ್ನೂ ಗರಿಯ ಸೀಳುಗಳನ್ನೂ ತಂದು ನೇಯತೊಡಗುತ್ತದೆ. ಗೂಡು ಅರ್ಧ ಮುಗಿದು ಟೊಪ್ಪಿಗೆಯ ಆಕಾರಕ್ಕೆ ಬಂದಾಗ ಹೆಣ್ಣುಗಳ ಹಿಂಡು ಪರೀಕ್ಷೆಗೆ ಬಂದಿಳಿಯುತ್ತದೆ. ಹೆಣ್ಣು ಒಳಹೊಕ್ಕು ನೋಡಿ ಮೆಚ್ಚಿದರೆ ಸರಿ, ಅಲ್ಲಿಯೇ ಸಂಸಾರ ಹೂಡುತ್ತದೆ. ಗಂಡು ಉಳಿದ ಕೆಲಸವನ್ನೂ ಉದ್ದದ ಕೊಳವೆಯನ್ನೂ ಮುಗಿಸಿಕೊಡುತ್ತದೆ. ಮೆಚ್ಚದಿದ್ದರೆ ಆ ಗೂಡು ಅರ್ಧದಲ್ಲೇ ನಿಲ್ಲುತ್ತದೆ. ಹೆಣ್ಣು ಮೊಟ್ಟೆಯಿಟ್ಟು ಕಾವಿಗೆ ಕೂರುತ್ತಲೇ ಗಂಡು ಪಕ್ಕದಲ್ಲೇ ಮತ್ತೊಂದು ಗೂಡಿಗೆ ಕೈಹಾಕಿ ಮತ್ತೊಬ್ಬಳ ದಾರಿ ಕಾಯುತ್ತದೆ. ಒಂದಾದ ಮೇಲೊಂದರಂತೆ ನಡೆಯುವ ಈ ಬಹುಸಂಸಾರದ ಕ್ರಮವನ್ನು ಬಿಡಿಸಿ ಹೇಳಿದ ಅವರ ಲೇಖನ 1931ರಲ್ಲಿ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಗಿ, ಪಕ್ಷಿಲೋಕದ ವಿದ್ವಾಂಸರು ಅವರ ಹೆಸರನ್ನು ಗಮನಿಸುವಂತಾಯಿತು.

ಕಿಹೀಮಿನ ಆ ದಿನಗಳು ನಮಗೆ ಈ ಜೀವನಚರಿತ್ರೆಯ ತಿರುಳಾಗಿ ತೋರುತ್ತವೆ. ಪ್ರಕೃತಿಯ ಮಡಿಲಿನಲ್ಲಿ ನೆಮ್ಮದಿ ದೊರೆಯುತ್ತದೆಂದು ನಾವೆಲ್ಲ ಸುಲಭವಾಗಿ ಹೇಳಿಬಿಡುತ್ತೇವೆ. ಬೆಟ್ಟದ ತಂಗಾಳಿಯಲ್ಲಿ ಎರಡು ದಿನ ಮೈಚಾಚಿ ಬರುವುದೇ ಆ ನೆಮ್ಮದಿಯೆಂಬ ಎಣಿಕೆ ನಮ್ಮದು. ಸಲೀಂ ಅಲಿಯವರ ಆನಂದ ವಿಶ್ರಾಂತಿಯದಾಗಿರಲಿಲ್ಲ. ಕೈಯಲ್ಲಿ ದುರ್ಬೀನು, ಜೇಬಿನಲ್ಲಿ ಟಿಪ್ಪಣಿಪುಸ್ತಕ, ಎದುರಿಗೆ ಒಂದು ಮರ, ಇಷ್ಟರಲ್ಲಿ ತನ್ನ ಸಂಗತಿಯೆಲ್ಲ ಮರೆತುಹೋಗುವಷ್ಟು ಒಂದು ಹಕ್ಕಿಯ ಸಂಗತಿಯಲ್ಲಿ ಮುಳುಗಬಲ್ಲ ಶಕ್ತಿ ಅವರಿಗಿತ್ತು. ಕೆಲಸ ಕಳೆದುಕೊಂಡ ಗಂಡಸಿನ ಮನಸ್ಸು ಯಾವ ಕಡೆಗೆ ಜಾರಬಲ್ಲದೆಂಬುದು ಗಿರಣಿಗಳು ಮುಚ್ಚಿದ ಕಾಲವನ್ನು ಕಂಡ ಮುಂಬಯಿಗರಿಗೆ ಹೇಳಿಕೊಡಬೇಕಾಗಿಲ್ಲ. ಸಲೀಂ ಅಲಿಯವರ ಮನಸ್ಸು ಗೀಜಗನ ಗೂಡಿನಲ್ಲಿ ಆತುಕೊಂಡಿತು. ಹಿಂದೆ ಸಿರಿವಂತ ನೆಂಟರ ಬಳಗವಿದ್ದುದರಿಂದ ಉಪವಾಸ ಬೀಳುವ ಭಯ ಇರಲಿಲ್ಲವೆಂಬುದನ್ನೂ ಇಲ್ಲಿ ಹೇಳಿಬಿಡುವುದು ನ್ಯಾಯ.

ಅಲ್ಲಿಂದ ಮುಂದೆ ದಾರಿ ತೆರೆಯಿತು. ದೇಶೀಯ ಸಂಸ್ಥಾನಗಳ ಹಕ್ಕಿಗಳನ್ನು ಕ್ರಮಬದ್ಧವಾಗಿ ಯಾರೂ ಅಭ್ಯಸಿಸಿರಲಿಲ್ಲ. ಶಿಬಿರ ಮತ್ತು ಪ್ರಯಾಣದ ವೆಚ್ಚವನ್ನು ಸಂಸ್ಥಾನ ವಹಿಸಿಕೊಂಡರೆ ಸಾಕು, ತನಗೆ ಸಂಬಳ ಬೇಡವೆಂದು ಸಲೀಂ ಅಲಿಯವರು ಮುಂದೆ ಬಂದರು. 1931-32ರಲ್ಲಿ ಹೈದರಾಬಾದ್ ಸಂಸ್ಥಾನದ ಸಮೀಕ್ಷೆ ನಡೆಯಿತು. ಇಂದು ಕರ್ನಾಟಕದಲ್ಲಿರುವ ಕಲಬುರಗಿ, ರಾಯಚೂರು, ಬೀದರ್ ಆಗ ಆ ಸಂಸ್ಥಾನಕ್ಕೆ ಸೇರಿದ್ದವು. ಬಳಿಕ ತಿರುವಾಂಕೂರು, ಕೊಚ್ಚಿಗಳ ಸರದಿ. ಈ ಶಿಬಿರಗಳಲ್ಲೆಲ್ಲ ತಹಮೀನಾ ಜೊತೆಗಿದ್ದರು. ಸಿರಿವಂತ ಮನೆಯ ಹೆಣ್ಣುಮಗಳು ಎತ್ತಿನ ಗಾಡಿಯ ದಾರಿಯಲ್ಲಿ, ಡೇರೆಯ ವಾಸದಲ್ಲಿ, ಸೊಳ್ಳೆ ಜಿಗಣೆಗಳ ನಡುವೆ ಗಂಡನಿಗೆ ಹೆಗಲು ಕೊಟ್ಟರು. ಸಂಬಳವಿಲ್ಲದ ಕೆಲಸವನ್ನು ಗಂಡ ಆನಂದದಿಂದ ಮಾಡುತ್ತಿದ್ದನೆಂದರೆ ಆ ಆನಂದದ ಅರ್ಧ ಬೆಲೆ ತೆತ್ತವರು ಅವರೇ.

1939ರಲ್ಲಿ ಒಂದು ಸಣ್ಣ ಶಸ್ತ್ರಚಿಕಿತ್ಸೆಯ ಬಳಿಕ ತಹಮೀನಾ ತೀರಿಕೊಂಡರು. ಮಕ್ಕಳಿರಲಿಲ್ಲ. ಸಲೀಂ ಅಲಿಯವರು ಕುಸಿದುಹೋದರು. ಅಕ್ಕ ಕಮ್ಮೂ ಮತ್ತು ಭಾವ ಅವರನ್ನು ತಮ್ಮ ಮನೆಗೆ ಕರೆದುಕೊಂಡರು. ಬಾಂದ್ರಾದ ಪಾಲಿ ಹಿಲ್‌ನ ಮನೆಯೇ ಕೊನೆಯವರೆಗೆ ಅವರಿಗೆ ಆಶ್ರಯವಾಯಿತು.

ಮೈಸೂರು ಸಂಸ್ಥಾನದ ಪಕ್ಷಿಸಮೀಕ್ಷೆ ನಡೆದದ್ದು ಆ 1939-40ರ ಅವಧಿಯಲ್ಲಿಯೇ ಎಂಬುದನ್ನು ನೆನೆದಾಗ ನಮ್ಮ ಮನಸ್ಸು ಆರ್ದ್ರವಾಗುತ್ತದೆ. ಹೆಂಡತಿಯಿಲ್ಲದ ಶಿಬಿರಗಳ ಮೊದಲ ದಿನಗಳನ್ನು ಈ ದುಃಖಿ ಕಳೆದದ್ದು ನಮ್ಮ ನಾಡಿನಲ್ಲಿ. ಬಿಳಿಗಿರಿರಂಗನ ಬೆಟ್ಟದ ಕಾಡುಗಳಲ್ಲಿ, ಮಲೆನಾಡಿನ ಮರಗಳಡಿಯಲ್ಲಿ, ಕಾವೇರಿಯ ದಡದಲ್ಲಿ. ನಸುಕಿನಲ್ಲಿ ಎದ್ದು ಕಾಡಿಗೆ ಇಳಿಯುವುದು, ಕಂಡದ್ದನ್ನೂ ಕೇಳಿದ್ದನ್ನೂ ಬರೆಯುವುದು, ರಾತ್ರಿ ಲಾಂದ್ರದ ಬೆಳಕಿನಲ್ಲಿ ಮಾದರಿಗಳಿಗೆ ಚೀಟಿ ಕಟ್ಟುವುದು, ಇದೇ ದಿನಚರಿ. ದುಃಖ ಇದರಿಂದ ಕರಗಿತೆಂದು ನಾವು ಹೇಳಲಾರೆವು. ದಿನಕ್ಕೊಂದು ಆಕಾರ ಬಂತು, ಬದುಕಿಗೆ ಕೆಲಸ ಬಂತು. ಮೈಸೂರಿನ ಹಕ್ಕಿಗಳ ಕುರಿತ ಅವರ ಲೇಖನಮಾಲೆ ಮುಂದೆ ಸೊಸೈಟಿಯ ಪತ್ರಿಕೆಯಲ್ಲಿ ಕಂತು ಕಂತಾಗಿ ಬೆಳಕು ಕಂಡಿತು.

ಶ್ರೀರಂಗಪಟ್ಟಣದ ಬಳಿ ಹದಿನೇಳನೆಯ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಕಾವೇರಿಗೆ ಕಟ್ಟಿದ ಒಡ್ಡಿನಿಂದ ರೂಪುಗೊಂಡ ಪುಟ್ಟ ನಡುಗಡ್ಡೆಗಳಿವೆ. ಬೆಳ್ಳಕ್ಕಿ, ನೀರುಕಾಗೆ, ಬಾಯ್ಕಳಕ ಕೊಕ್ಕರೆ, ಚಮಚದ ಕೊಕ್ಕಿನ ಹಕ್ಕಿಗಳು ನೂರಾರು ಸಂಖ್ಯೆಯಲ್ಲಿ ಅಲ್ಲಿ ಗೂಡು ಕಟ್ಟಿ ಮರಿಮಾಡುತ್ತಿದ್ದವು. ಆ ಸ್ಥಳದ ಮಹತ್ವವನ್ನು ಗುರುತಿಸಿದ ಸಲೀಂ ಅಲಿಯವರು ಮೈಸೂರು ಅರಸರ ಮನವೊಲಿಸಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವೆಂದು ಘೋಷಿತವಾಯಿತು. 2022ರಲ್ಲಿ ಅದಕ್ಕೆ ರಾಮ್ಸಾರ್ ತಾಣವೆಂಬ ಅಂತಾರಾಷ್ಟ್ರೀಯ ಮನ್ನಣೆಯೂ ದೊರಕಿತು. ರಜೆಗೆ ಮೈಸೂರಿಗೆ ಹೋದಾಗ ಮಕ್ಕಳನ್ನು ದೋಣಿಯಲ್ಲಿ ಕೂರಿಸಿ ಹೆಜ್ಜಾರ್ಲೆಗಳನ್ನೂ ಬಂಡೆಯ ಮೇಲೆ ಬಿಸಿಲು ಕಾಯುವ ಮೊಸಳೆಗಳನ್ನೂ ತೋರಿಸುವ ನಾವು, ಆ ಸಂತೋಷದ ಹಿಂದೆ ಒಬ್ಬ ವಿಧುರನ ಆ ಚಳಿಗಾಲವಿದೆಯೆಂಬುದನ್ನು ಅರಿತಿರುವುದಿಲ್ಲ.

1941ರಲ್ಲಿ ಭಾರತದ ಹಕ್ಕಿಗಳನ್ನು ಕುರಿತ ಅವರ ಸಚಿತ್ರ ಗ್ರಂಥ ಹೊರಬಂದಿತು. ಪಂಡಿತರಿಗಷ್ಟೇ ಮೀಸಲಾಗಿದ್ದ ವಿದ್ಯೆ ಸಾಮಾನ್ಯ ಗೃಹಸ್ಥರ ಕೈಗೆ ಬಂತು. ಡೆಹ್ರಾಡೂನ್ ಸೆರೆಮನೆಯಲ್ಲಿದ್ದ ಜವಾಹರಲಾಲ್ ನೆಹರೂ ಅವರು ಮಗಳು ಇಂದಿರೆಗೆ ಉಡುಗೊರೆಯಾಗಿ ಕಳುಹಿಸಿದ ಪುಸ್ತಕ ಇದೇ. ಸೆರೆಯ ಗೋಡೆಯೊಳಗೂ ಹಕ್ಕಿಗಳು ಬರುತ್ತವಷ್ಟೆ. ಸ್ವಾತಂತ್ರ್ಯಾನಂತರ ಸೊಸೈಟಿ ಹಣವಿಲ್ಲದೆ ಮುಳುಗುವ ಸ್ಥಿತಿಗೆ ಬಂದಾಗ ಸಲೀಂ ಅಲಿಯವರು ನೆಹರೂ ಅವರಿಗೆ ಬರೆದು ನೆರವು ತಂದರು. ಇಂದಿರಾ ಗಾಂಧಿಯವರ ಪಕ್ಷಿಪ್ರೇಮವೂ ಮುಂದೆ ಅನೇಕ ಕಾಡುಗಳ ಪಾಲಿಗೆ ಆಸರೆಯಾಯಿತು.

1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು, ಜನರೂ ಜ್ವರದಿಂದ ನರಳಿದ ಸಂಗತಿ ಮಲೆನಾಡಿನ ಹಿರಿಯರಿಗೆ ನೆನಪಿರಬಹುದು. ಸೈಬೀರಿಯದ ರೋಗವೊಂದನ್ನು ಹೋಲುತ್ತಿದ್ದ ಈ ಮಂಗನ ಕಾಯಿಲೆಯನ್ನು ವಲಸೆ ಹಕ್ಕಿಗಳು ಹೊತ್ತು ತಂದವೇ ಎಂಬ ಪ್ರಶ್ನೆ ಎದ್ದಿತು. ಅದರಿಂದಾಗಿ ಸೊಸೈಟಿಯ ಉಂಗುರ ತೊಡಿಸುವ ಕಾರ್ಯಕ್ಕೆ ದೊಡ್ಡ ಪ್ರಮಾಣದಲ್ಲಿ ಬೆಂಬಲ ಸಿಕ್ಕಿತು. ಹೆಲಿಗೋಲಾಂಡಿನಲ್ಲಿ ಕಲಿತ ವಿದ್ಯೆ ಮೂವತ್ತು ವರ್ಷಗಳ ಬಳಿಕ ಹೀಗೆ ಫಲ ಕೊಟ್ಟಿತು.

ಸಲೀಂ ಅಲಿಯವರನ್ನು ಋಷಿಯೆಂದು ಪೂಜಿಸುವ ಬರಹಗಳು ಒಂದು ಮಾತನ್ನು ನುಂಗಿಕೊಳ್ಳುತ್ತವೆ. ಸಮೀಕ್ಷೆಗಾಗಿ ಅವರು ಸಾವಿರಾರು ಹಕ್ಕಿಗಳನ್ನು ಕೋವಿಯಿಂದ ಹೊಡೆದು ಸಂಗ್ರಹಿಸಿದರು. ಅಂದಿನ ವಿಜ್ಞಾನಕ್ಕೆ ಬೇರೆ ಹಾದಿಯಿರಲಿಲ್ಲವೆಂದು ಅವರು ನಂಬಿದ್ದರು. ಮೋಜಿಗಾಗಿ ಕೊಲ್ಲುವುದು ಅವರಿಗೆ ಹೇಸಿಗೆಯ ವಿಷಯವಾಗಿತ್ತು. ಭರತಪುರದ ಕೊಳಗಳಲ್ಲಿ 1938ರಲ್ಲಿ ವೈಸರಾಯ್ ಲಿನ್‌ಲಿತ್‌ಗೋ ಅವರ ಬೇಟೆಯ ತಂಡ ಒಂದೇ ದಿನ 4,273 ಹಕ್ಕಿಗಳನ್ನು ಉರುಳಿಸಿತ್ತು. ಅದೇ ಭರತಪುರ ಪಕ್ಷಿಧಾಮವಾಗುವಲ್ಲಿ, 1980ರ ದಶಕದಲ್ಲಿ ರಾಷ್ಟ್ರೀಯ ಉದ್ಯಾನವಾಗುವಲ್ಲಿ ಸಲೀಂ ಅಲಿಯವರ ಶ್ರಮ ಹಿರಿದು. ಆದರೆ ಅಲ್ಲಿ ದನ ಎಮ್ಮೆಗಳ ಮೇವು ನಿಲ್ಲಬೇಕೆಂಬ ಪಕ್ಷದಲ್ಲಿ ಅವರೂ ಇದ್ದರು. 1982ರಲ್ಲಿ ನಿಷೇಧ ಜಾರಿಗೆ ಬಂದಾಗ ಹಳ್ಳಿಗರು ಪ್ರತಿಭಟಿಸಿದರು. ಪೊಲೀಸರ ಗುಂಡಿಗೆ ಕೆಲವರು ಬಲಿಯಾದರು. ಎಮ್ಮೆಗಳಿಲ್ಲದೆ ಹುಲ್ಲು ಬೆಳೆದು ನೀರನ್ನೇ ಮುಚ್ಚಿ ಹಕ್ಕಿಗಳಿಗೆ ತೊಂದರೆಯಾಯಿತೆಂದು ಸೊಸೈಟಿಯದೇ ದೀರ್ಘ ಅಧ್ಯಯನ ತೋರಿಸಿಕೊಟ್ಟಿತು. ಕಾಡಿನ ಅಂಚಿನಲ್ಲಿ ಬಾಳುವವರಿಗೂ ಆ ಕಾಡಿನ ಮೇಲೆ ಪ್ರೀತಿಯಿದೆ, ಅವರ ಕಣ್ಣಿಗೂ ಅರಿವಿದೆ ಎಂಬುದನ್ನು ನಗರದ ಪ್ರಕೃತಿಪ್ರಿಯರಾದ ನಾವು ಈ ಪ್ರಸಂಗದ ಮುಂದೆ ಇರಿಸಿಕೊಂಡು ಯೋಚಿಸಬೇಕಾಗಿದೆ.

ಅವರ ಉಲ್ಲಾಸ ಹಕ್ಕಿಗಳಿಗೇ ಸೀಮಿತವಾಗಿರಲಿಲ್ಲ. ಮೋಟಾರ್ ಸೈಕಲ್ಲೆಂದರೆ ಪ್ರಾಣ. 1950ರಲ್ಲಿ ಸ್ವೀಡನ್ನಿನ ಉಪ್ಸಾಲಾದಲ್ಲಿ ನಡೆದ ಪಕ್ಷಿವಿಜ್ಞಾನಿಗಳ ಸಮ್ಮೇಳನಕ್ಕೆ ತಮ್ಮ ಸನ್‌ಬೀಮ್ ಗಾಡಿಯನ್ನು ಹಡಗಿನಲ್ಲಿ ಯುರೋಪಿಗೆ ಸಾಗಿಸಿ, ದಾರಿಯಲ್ಲಿ ಬಿದ್ದು ಎದ್ದು, ಅದನ್ನೇ ಏರಿ ಬಂದಿಳಿದರು. ಭಾರತದಿಂದಲೇ ಗಾಡಿ ಓಡಿಸಿಕೊಂಡು ಬಂದರೆಂದು ಅಲ್ಲಿನವರು ಬೆರಗಾದರು. ಆಗ ಅವರಿಗೆ 53 ವರ್ಷ!

ಅಮೆರಿಕದ ಡಿಲನ್ ರಿಪ್ಲಿಯವರ ಜೊತೆಗೂಡಿ ಬರೆದ, ಭಾರತ ಮತ್ತು ಪಾಕಿಸ್ತಾನದ ಹಕ್ಕಿಗಳ 10 ಸಂಪುಟಗಳ ಬೃಹತ್ಕೃತಿ 1968ರಿಂದ 1974ರ ನಡುವೆ ಪ್ರಕಟವಾಯಿತು. ಕೊನೆಯ ಸಂಪುಟದ ವೇಳೆಗೆ ಅವರು 78ರ ಸಮೀಪದಲ್ಲಿದ್ದರು. 1958ರಲ್ಲಿ ಪದ್ಮಭೂಷಣ, 1976ರಲ್ಲಿ ಪದ್ಮವಿಭೂಷಣ ಸಂದವು. ಅದೇ ವರ್ಷ ದೊರೆತ ಗೆಟ್ಟಿ ಪ್ರಶಸ್ತಿಯ 50,000 ಡಾಲರ್ ಹಣವನ್ನು ಪ್ರಕೃತಿ ಸಂರಕ್ಷಣೆಯ ನಿಧಿಗೆ ಮೂಲಧನವಾಗಿ ಕೊಟ್ಟರು. ಕೇರಳದ ಸೈಲೆಂಟ್ ವ್ಯಾಲಿಯ ಕಾಡನ್ನು ಉಳಿಸಲು ದನಿ ಎತ್ತಿದಾಗ ಎಂಬತ್ತು ದಾಟಿತ್ತು. 1985ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡರು. ಗುಬ್ಬಚ್ಚಿಯ ಪತನವನ್ನೇ ಹೆಸರಾಗಿಸಿಕೊಂಡ ಆತ್ಮಕಥೆ ಹೊರಬಂದದ್ದೂ ಆ ವರ್ಷ. ಬಾಲ್ಯದಲ್ಲಿ ತಲೆನೋವಿನಿಂದ ಶಾಲೆಯನ್ನೇ ಬಿಡಬೇಕಾಗಿದ್ದ ಜೀವ 90 ವರ್ಷ ದಾಟಿ ಬಾಳಿತು. ಕ್ಯಾನ್ಸರ್‌ನೊಡನೆ ಬಹುಕಾಲ ಸೆಣಸಿ 1987ರ ಜೂನ್ 20ರಂದು ಅವರು ಮುಂಬಯಿಯಲ್ಲಿ ಕೊನೆಯುಸಿರೆಳೆದರು.

ಮುಂಬಯಿ ಬಿಟ್ಟು ದೂರ ಹೋಗಲಾಗದವರಿಗೂ ಅವರ ಹಾದಿ ಇನ್ನೂ ತೆರೆದಿದೆ. ಚಳಿಗಾಲದಿಂದ ಬೇಸಗೆಯವರೆಗೆ ಶಿವಡಿಯ ಕೆಸರುಗದ್ದೆಗೂ ಠಾಣೆಯ ಕೊಲ್ಲಿಗೂ ರಾಜಹಂಸಗಳು ಬಂದಿಳಿಯುತ್ತವೆ. ಗೋರೆಗಾಂವ್‌ನಲ್ಲಿ ಸೊಸೈಟಿಯ ಪ್ರಕೃತಿ ಶಿಕ್ಷಣ ಕೇಂದ್ರವಿದೆ. ಕೊಯಮತ್ತೂರಿನಲ್ಲಿ 1990ರಲ್ಲಿ ಸ್ಥಾಪನೆಯಾದ ಪಕ್ಷಿವಿಜ್ಞಾನ ಕೇಂದ್ರ ಅವರ ಹೆಸರನ್ನು ಹೊತ್ತಿದೆ.

ಅವರ ಹೆಸರನ್ನು ಹೊತ್ತ ಹಕ್ಕಿಯೂ ಒಂದಿದೆ. ಪೂರ್ವ ಹಿಮಾಲಯದಲ್ಲಿ ಒಂದೇ ಜಾತಿಯೆಂದು ಬಹುಕಾಲ ತಿಳಿಯಲಾಗಿದ್ದ ನೆಲಸಿಳ್ಳಾರ ಹಕ್ಕಿಯೊಂದು, ಮೇಲಿನ ಬಂಡೆಗಳ ಬಯಲಿನಲ್ಲಿ ಕರ್ಕಶವಾಗಿಯೂ ಕೆಳಗಿನ ಕಾಡಿನಲ್ಲಿ ಇಂಪಾಗಿಯೂ ಹಾಡುವುದನ್ನು 2009ರಲ್ಲಿ ಅರುಣಾಚಲ ಪ್ರದೇಶದಲ್ಲಿ ಪಕ್ಷಿವೀಕ್ಷಕರು ಗಮನಿಸಿದರು. ರೂಪದಲ್ಲಿ ಹೆಚ್ಚಿನ ಭೇದವಿಲ್ಲ; ಕಿವಿಗೊಟ್ಟವರಿಗೆ ಮಾತ್ರ ತಿಳಿದ ಅಂತರ ಅದು. ಕಾಡಿನಲ್ಲಿ ಇಂಪಾಗಿ ಹಾಡುವ ಆ ಹಕ್ಕಿಗೆ 2016ರಲ್ಲಿ ವಿಜ್ಞಾನಿಗಳು ಝೂತೆರಾ ಸಲೀಮಲಿಯೈ ಎಂದು ಹೆಸರಿಟ್ಟರು.